ಹಿಂದಿನ ಸೀಟಿನಲ್ಲಿ ಒಂದು ಗೇಣು

ಎಂ.ಸಿ.ಸಿ. ಬಡಾವಣೆ, ಬಿ ಬ್ಲಾಕ್

ನೇಪಾಳಕ್ಕೆ ಹೋಗಿ ಬಂದವರೆಲ್ಲ ಹಿಮಾಲಯದಿಂದ ಕಥೆ ಶುರು ಮಾಡುತ್ತಾರೆ. ನಾನು ನಮ್ಮ ಮನೆಯ ಪಡಸಾಲೆಯಿಂದಲೇ ಶುರು ಮಾಡಬೇಕು. ಇಡೀ ಪ್ರಯಾಣದಲ್ಲಿ ದಾಟಲು ಅತಿ ಕಷ್ಟವಾದ ಜಾಗ ಅದೇ ಆಗಿತ್ತು. ಈ ಗೋಡೆಯಿಂದ ಆ ಗೋಡೆಯ ತನಕ ಸಾಮಾನು. ದೇವರ ಕೋಣೆಗೆ ಹೋಗಬೇಕೆಂದರೆ ಮೊದಲು ಡೇರೆಯೊಂದನ್ನು ದಾಟಬೇಕು, ಟೈರಿನ ಟ್ಯೂಬುಗಳ ಮಗ್ಗುಲಲ್ಲಿ ಹಾಯಬೇಕು, ಕೊನೆಗೆ ಪ್ರೆಶರ್ ಕುಕ್ಕರಿನ ಆಚೆಗೆ ಕಾಲೆತ್ತಿ ಇಡಬೇಕು. ಎಂಬತ್ತು ದಾಟಿದ ನಮ್ಮ ಅತ್ತೆ ಲಿಂಗಪೂಜೆಗೆಂದು ದಿನಾ ಬೆಳಿಗ್ಗೆ ಇದನ್ನೆಲ್ಲ ದಾಟುತ್ತಿದ್ದರು. ನಮ್ಮ ಮನೆಯ ನಿಜವಾದ ಪರ್ವತಾರೋಹಿ ಅವರೇ.

ನಮ್ಮ ಯಜಮಾನರ ಹೆಸರು ರುದ್ರೇಶ್, ಪಂಪ್‌ಸೆಟ್ ಅಂಗಡಿ ಇದೆ. ಐವತ್ತು ದಾಟುತ್ತಲೇ ಗಂಡಸರಿಗೆ ಏನಾದರೊಂದು ಹುಚ್ಚು ಹಿಡಿಯುತ್ತದೆ. ಕೆಲವರಿಗೆ ಯೋಗ, ಕೆಲವರಿಗೆ ಸೈಟು. ನಮ್ಮವರಿಗೆ ಬೈಕು. ನಮ್ಮ ಬಡಾವಣೆಯಲ್ಲಿ ಇಂಥವರದೇ ಒಂದು ಗುಂಪಿದೆ. ಭಾನುವಾರ ಬೆಳಿಗ್ಗೆ ಮೊಣಕಾಲಿಗೆ ಮೊಣಕೈಗೆ ಕವಚ ಕಟ್ಟಿಕೊಂಡು, ಹೆಲ್ಮೆಟ್ಟಿನ ಮೇಲೆ ಕ್ಯಾಮೆರಾ ಸಿಕ್ಕಿಸಿಕೊಂಡು, ಮನೆಯವರಿಗೆಲ್ಲ ಕೈಬೀಸಿ ಹೊರಡುತ್ತಾರೆ. ಹೋಗುವುದು ದಾವಣಗೆರೆಯ ಪಕ್ಕದಲ್ಲೇ ಇರುವ ಬಾತಿಯ ತನಕ. ಅಲ್ಲಿ ಇಡ್ಲಿ ತಿಂದು, ಒಬ್ಬರ ಫೋಟೊ ಒಬ್ಬರು ತೆಗೆದುಕೊಂಡು, ಬಿಸಿಲೇರುವ ಮೊದಲೇ ವಾಪಸ್ಸು ಬರುತ್ತಾರೆ. ನಾನು ದಿನಾ ಶಾಲೆಗೆ ಸ್ಕೂಟರಿನಲ್ಲಿ ಹೋಗುವಾಗ ಇದಕ್ಕಿಂತ ಹೆಚ್ಚು ಅಪಾಯ ಎದುರಿಸುತ್ತೇನೆ. ಆದರೆ ನನಗೆ ಯಾರೂ ಮೊಣಕೈ ಕವಚ ಕೊಡಿಸಿಲ್ಲ.

ಈ ಗುಂಪಿನಲ್ಲಿ ಒಂದು ದಿನ ನಮ್ಮವರ ಬಾಯಿಂದ ಮುಸ್ತಾಂಗ್ ಎಂಬ ಮಾತು ಹೊರಬಿತ್ತು. ನೇಪಾಳದ ಬೆಟ್ಟಗಳ ಆಚೆಗೆ ಇರುವ ಸೀಮೆ ಅದು, ಮರವಿಲ್ಲ, ಮಳೆಯಿಲ್ಲ. ಆಡಿದ ಮಾತನ್ನು ನುಂಗಿಕೊಳ್ಳುವಷ್ಟರಲ್ಲಿ ಗುಂಪಿನವರು ಹಾರ ಹಾಕಿಬಿಟ್ಟರು.

"ನಾನೂ ಬರ್ತೀನ್ರೀ," ಅಂದೆ.

"ನೀನಾ? ಎಲ್ಲಿ ಕುಂದರ್ತೀಯ?"

"ಹಿಂದಿನ ಸೀಟು ಯಾಕ ಐತೆ?"

"ಹಿಂದಿನ ಸೀಟು ಲಗೇಜಿಗೆ, ಮಂಗಳಾ."

ಇಲ್ಲಿ ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು. ಇಷ್ಟು ವರ್ಷ ಕರಿಹಲಗೆಯ ಮೇಲೆ ಹಿಮಾಲಯ ಬಿಡಿಸಿದ್ದೇನೆ. ಕೆಳಗೆ ಹಸಿರು ಸೀಮೆಸುಣ್ಣ, ಮೇಲೆ ಬಿಳಿ, ನಡುವೆ ಕಂದು ಬೇಕು, ಆದರೆ ನಮ್ಮ ಶಾಲೆಯಲ್ಲಿ ಕಂದು ಬಣ್ಣ ಯಾವತ್ತೂ ಇರುವುದಿಲ್ಲ, ಹಾಗಾಗಿ ಕೆಂಪು. ಆ ಬೆಟ್ಟಗಳನ್ನು ಕಣ್ಣಿಂದ ನೋಡದೆ ರಿಟೈರಾದರೆ ಎಂಥ ಮೇಷ್ಟರಮ್ಮ ನಾನು ಎಂಬ ಕೊರಗು ಹತ್ತಿಬಿಟ್ಟಿತ್ತು. ವಿಮಾನದಲ್ಲಿ ಹೋಗಿ, ಜೀಪಿನ ಕಿಟಕಿಯಿಂದ ಇಣುಕಿ, ಫೋಟೊಕ್ಕೆ ನಿಂತು ಬರುವುದು ನನಗೆ ಬೇಡವಾಗಿತ್ತು. ನನಗೆ ಬೇಕಾದದ್ದು ಆ ಹಿಂದಿನ ಸೀಟು ಮಾತ್ರ. ಅದು ಸಾಮಾನಿಗೆ ಬುಕ್ಕಾಗಿತ್ತು.

ಸಾಮಾನು ದಿನದಿಂದ ದಿನಕ್ಕೆ ಬೆಳೆಯಿತು. ನಮ್ಮವರು ರಾತ್ರಿ ಊಟಕ್ಕೆ ಕೂತರೂ ಮೊಬೈಲಿನಲ್ಲಿ ಯಾರೋ ಬಿಳಿಯ ಚೀಲ ಕಟ್ಟುವುದನ್ನು ನೋಡುತ್ತ, ಬೆಳಿಗ್ಗೆ ಎದ್ದು ಅವನ ಬಳಿ ಇದ್ದದ್ದನ್ನೆಲ್ಲ ತರಿಸುತ್ತಿದ್ದರು. ನೀರು ಸೋಸುವ ಕೊಳವೆ, ಮಡಚುವ ಸಲಿಕೆ, ಆಕ್ಸಿಜನ್ ಡಬ್ಬಿ, ಹಗ್ಗ.

"ಹಗ್ಗ ಯಾಕ್ರೀ?"

"ಬೇಕಾಗ್ತೈತೆ."

"ಕುಕ್ಕರ್ರು?"

"ಎತ್ತರದಾಗ ಅನ್ನ ಬೇಯಾಂಗಿಲ್ಲ. ಬೇಕಾಗ್ತೈತೆ."

"ಇಸ್ತ್ರಿ ಪೆಟ್ಟಿಗೆ?"

ಅದಕ್ಕೆ ಮಾತ್ರ ಅವರು ಒಂದು ಗಳಿಗೆ ಯೋಚಿಸಿದರು. "ಪಶುಪತಿ ಗುಡಿಗೆ ಸುಕ್ಕು ಬಟ್ಟೆ ಹಾಕ್ಕೊಂಡು ಹೋಗಾಕ ಆಗ್ತೈತೇನು? ಇರ್ಲಿ, ಬೇಕಾಗ್ತೈತೆ."

ಇದರ ಮೇಲೆ ನಮ್ಮೂರಿನ ಪ್ರೀತಿ. ದೂರ ಹೊರಟವರನ್ನು ಬರಿಗೈಯಲ್ಲಿ ಕಳಿಸಿದರೆ ನಮ್ಮ ಕಡೆಯವರಿಗೆ ಊಟ ಸೇರುವುದಿಲ್ಲ. ಆಕಡೆ ಮನೆಯವರು ಕಡಕ್ ರೊಟ್ಟಿ ತಂದರು, ಈಕಡೆ ಮನೆಯವರು ಶೇಂಗಾ ಚಟ್ನಿಪುಡಿ ತಂದರು. ನಿಜಲಿಂಗಪ್ಪ ಬಡಾವಣೆಯಿಂದ ನಮ್ಮ ನಾದಿನಿ ವಿಭೂತಿ ಗಟ್ಟಿಗಳನ್ನು ತಂದಿಟ್ಟು, ಪಶುಪತಿಗೆ ಮುಟ್ಟಿಸಿ ತರಲು ಹೇಳಿದಳು. ಬರುವಾಗ ರುದ್ರಾಕ್ಷಿ ತರಬೇಕೆಂದು ಓಣಿಗೆ ಓಣಿಯೇ ಹೇಳಿತ್ತು. ಇವರೆಲ್ಲರ ಕೊರಳು ತುಂಬಿಸುವಷ್ಟು ರುದ್ರಾಕ್ಷಿ ನೇಪಾಳದ ಕಾಡಿನಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ಕೊನೆಗೆ ಬಂದವಳು ನಸೀಮಾ. ಹರಿಹರದಲ್ಲಿ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವಳ ಮನೆಯವರದು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ. ಆಟೋ ತುಂಬ ಮಂಡಕ್ಕಿ ಪ್ಯಾಕೆಟ್ಟು ಹೇರಿಕೊಂಡು ಬಂದಿದ್ದಳು.

"ಅಯ್ಯೋ, ಇಷ್ಟೊಂದು ಯಾಕೇ?"

"ಭಾರ ಐತೇನೇ ಇದು? ಎತ್ತಿ ನೋಡು, ಬಿಲ್ಕುಲ್ ಹತ್ತಿ. ಮಿಷಿನ್‌ನಾಗ ಸೀಲ್ ಮಾಡ್ಸಿದೀನಿ. ಒಂದು ಚೂರೂ ಗಾಳಿ ಹೊರಗ ಹೋಗಾಂಗಿಲ್ಲ, ಒಳಗ ಬರಾಂಗಿಲ್ಲ. ಆರು ತಿಂಗಳಾದ್ರೂ ಕರುಂ ಕುರುಂ ಅಂತೈತೆ, ನೋಡು ಬೇಕಾದ್ರೆ."

ಮಂಡಕ್ಕಿಗೆ ತೂಕವಿಲ್ಲ ಎಂಬುದು ಖರೆ. ಜಾಗ ಬೇಡ ಅನ್ನುವ ಹಾಗಿಲ್ಲವಲ್ಲ! ಆದರೆ ಮಂಡಕ್ಕಿ ಬೇಡ ಅನ್ನುವ ಬಾಯಿ ದಾವಣಗೆರೆಯಲ್ಲಿ ಇನ್ನೂ ಹುಟ್ಟಿಲ್ಲ. ಇಸ್ತ್ರಿ ಪೆಟ್ಟಿಗೆಯ ಸಲುವಾಗಿ ನನ್ನೊಡನೆ ಜಗಳವಾಡಿದ ನಮ್ಮವರು ಮಂಡಕ್ಕಿಯನ್ನು ಕಂಡು ಎದ್ದು ನಿಂತು ಬರಮಾಡಿಕೊಂಡರು.

ಬಾತಿ ಗುಡ್ಡ

ಹೊರಡುವ ಮುಂಚಿನ ಭಾನುವಾರ ಟ್ರಯಲ್. ಗಾಡಿಗೆ ಪೂರ್ತಿ ಸಾಮಾನು ಹೇರಿ, ನನ್ನನ್ನೂ ಹೇರಿ ಬಾತಿ ಗುಡ್ಡ ಹತ್ತಿಸುವುದು. ಗುಂಪಿನವರೆಲ್ಲ ನೋಡಲು ಬಂದಿದ್ದರು. ಗುಂಪಿನ ಕ್ಯಾಪ್ಟನ್ ಪ್ರಭಣ್ಣ. ಟೈಲ್ಸ್ ವ್ಯಾಪಾರಿ, ಒಮ್ಮೆ ಲಡಾಖಿಗೆ ಹೋಗಿದ್ದಾರೆ, ಅಂದಿನಿಂದ ಬೇಸಿಗೆಯಲ್ಲೂ ಅಲ್ಲಿ ಹಾಕಿದ್ದ ಜಾಕೆಟ್ಟನ್ನು ಬಿಚ್ಚಿಲ್ಲ.

ಗುಡ್ಡದ ಮೊದಲ ಏರಿನಲ್ಲೇ ಗಾಡಿಯ ಮುಂದಿನ ಚಕ್ರ ನೆಲ ಬಿಟ್ಟಿತು. ಬಹಳವೇನಲ್ಲ, ಒಂದು ಬೆರಳು. ಆದರೆ ನಮ್ಮವರು ಕೂಗಿದ ಕೂಗಿಗೆ ಅಲ್ಲಿ ಮೇಯುತ್ತಿದ್ದ ಕುರಿಗಳು ದಿಕ್ಕಾಪಾಲಾದವು. ಪ್ರಭಣ್ಣ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕೆಳಗೆ ಬಗ್ಗಿ, ಮೇಲೆ ಎದ್ದು, ಗಂಭೀರವಾಗಿ ತೀರ್ಪು ಕೊಟ್ಟರು.

"ರುದ್ರೇಶಣ್ಣ, ಹಿಂದೆ ಲೋಡು ಜಾಸ್ತಿ ಆಗೈತೆ. ಮೇಡಂ ಒಬ್ರು ಇಳಿದ್ರೆ ಬ್ಯಾಲೆನ್ಸು ಕರೆಕ್ಟಾಗ್ತೈತೆ."

ಕುಕ್ಕರ್ ಇಳಿದರೆ ಅನ್ನಲಿಲ್ಲ. ಸಲಿಕೆ ಇಳಿದರೆ ಅನ್ನಲಿಲ್ಲ. ಎಲ್ಲರೂ ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು. "ಪ್ರಭಣ್ಣಾರೇ, ನಿಮ್ಮ ಮನೆಯವ್ರನ್ನ ಯಾವ ಗುಡ್ಡದ ಮ್ಯಾಲೆ ಇಳಿಸಿ ಬಂದ್ರಿ ಲಡಾಖಿಗೆ ಹೋಗುವಾಗ?" ಅಂದೆ. ಅವರು ನಕ್ಕು ಜಾಕೆಟ್ಟಿನ ಜಿಪ್ಪು ಎಳೆದುಕೊಂಡರು.

ಸಂಜೆ ಅತ್ತೆಯ ಎದುರು ಪಂಚಾಯ್ತಿ. ಅತ್ತೆಗೆ ಮುಸ್ತಾಂಗ್ ಗೊತ್ತಿಲ್ಲ. ಪಶುಪತಿಯ ಹೆಸರು ಹೇಳಿ ಅವರಿಂದ ಒಪ್ಪಿಗೆ ತೆಗೆದುಕೊಂಡದ್ದು. ಎಲ್ಲ ಕೇಳಿ, ಜೋಮು ಹಿಡಿದ ಕಾಲನ್ನು ನೀವಿಕೊಳ್ಳುತ್ತ ಮಗನಿಗೆ ಒಂದೇ ಮಾತು ಹೇಳಿದರು.

"ಪಶುಪತಿ ದರ್ಶನಕ್ಕ ದಂಪತಿ ಸಮೇತ ಹೋಗ್ಬೇಕಪ. ಕುಕ್ಕರ್ ಸಮೇತ ಹೋಗೋ ಪದ್ಧತಿ ನಮ್ಮ ಮನಿಯಾಗ ಇಲ್ಲ. ಮಂಗಳಾ ಬರಲಿಲ್ಲ ಅಂದ್ರ ನೀನೂ ಹೋಗಬ್ಯಾಡ."

ನನ್ನ ಸೀಟು ನನಗಾಯಿತು. ಆದರೆ ನಮ್ಮವರು ಸೋಲುವ ಆಸಾಮಿಯಲ್ಲ. ಸಾಮಾನನ್ನು ಕಡಿಮೆ ಮಾಡದೆ ಅದನ್ನೇ ಮುಂದೆ ಹಿಂದೆ ಸರಿಸಿ, ಒಂದಷ್ಟನ್ನು ಟ್ಯಾಂಕಿನ ಮೇಲೆ ಕಟ್ಟಿ, ಉಳಿದದ್ದನ್ನು ನನ್ನ ಬಲಕ್ಕೆ, ಎಡಕ್ಕೆ, ಬೆನ್ನಿಗೆ ಪೇರಿಸಿದರು. ನಡುವೆ ಉಳಿದ ಜಾಗವನ್ನು ಕೈಯಿಂದ ಅಳೆದು ತೋರಿಸಿದರು. "ನೋಡು, ಒಂದು ಗೇಣು. ಆರಾಮಾತು ನಿಂಗ." ಯಾರ ಗೇಣು ಎಂದು ನಾನು ಕೇಳಲಿಲ್ಲ, ನಮ್ಮವರ ಕೈ ದೊಡ್ಡದು ಎಂಬುದಷ್ಟೇ ಸಮಾಧಾನ.

ಹರಿಹರ

ತವರು ದಾರಿಯಲ್ಲೇ ಸಿಗುವಾಗ ಇಳಿಯದೆ ಹೋಗುವುದುಂಟೇ? ಅಪ್ಪ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕಾಯುತ್ತಿದ್ದರು. ಅಣ್ಣನ ಹೆಂಡತಿ ಉಡಿ ತುಂಬಿದಳು. ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಕಣ. ಉಡಿ ತುಂಬಿದ್ದನ್ನು ಇಳಿಸಿ ಹೋಗುವ ಹಾಗಿಲ್ಲ, ಅದೂ ಗಾಡಿ ಹತ್ತಿತು.

ಅಪ್ಪ ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಕಾಲೋನಿಯಲ್ಲಿ ಮೊದಲ ಮೋಟಾರ್‌ಸೈಕಲ್ಲು ಅವರದೇ. ನಾನು ಪಿಯುಸಿ ಓದುವಾಗ, ಜನ ಏನಂತಾರೋ ಎಂದು ಅವ್ವ ಅತ್ತರೂ ಕೇಳದೆ, ಹೊಳೆಯ ದಂಡೆಯ ಬಯಲಿಗೆ ಕರೆದುಕೊಂಡು ಹೋಗಿ ನನಗೆ ಆ ಗಾಡಿ ಕಲಿಸಿದ್ದರು. ನೆಲಕ್ಕೆ ಕಾಲು ಎಟುಕುತ್ತಿರಲಿಲ್ಲ. ನಿಲ್ಲಿಸಬೇಕೆಂದರೆ ಅಪ್ಪ ಪಕ್ಕದಲ್ಲೇ ಓಡಿ ಬಂದು ಹಿಡಿಯುತ್ತಿದ್ದರು. ಮದುವೆಯಾದ ಹೊಸತರಲ್ಲಿ ನಮ್ಮವರ ಗಾಡಿಯನ್ನೂ ಓಡಿಸುತ್ತಿದ್ದೆ. ಆಮೇಲೆ ಗೇರಿಲ್ಲದ ಸ್ಕೂಟರ್ ಬಂತು, ಅದರಲ್ಲೇ ಉಳಿದೆ. ಗುಂಪಿನವರ ಮುಂದೆ ಈ ವಿಷಯ ನಮ್ಮವರು ಎತ್ತುವುದಿಲ್ಲ.

ಅಪ್ಪ ಕೋಲೂರಿಕೊಂಡು ಗಾಡಿಯನ್ನು ಒಂದು ಸುತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಮಂಗಳಾ, ಇಳಿಜಾರ್ನಾಗ ಸುಮ್‌ಸುಮ್ನೆ ಬ್ರೇಕ್ ಒತ್ತಬ್ಯಾಡ. ಸಣ್ಣ ಗೇರ್‌ನಾಗ ಬಿಡು, ಗಾಡಿನೇ ನಿನ್ನ ಮಾತು ಕೇಳ್ತೈತೆ."

"ಮಾವಾರೇ, ಓಡ್ಸೋನು ನಾನು!" ಎಂದು ನಮ್ಮವರು ನಕ್ಕರು.

"ಹೌದೌದು," ಅಂದರು ಅಪ್ಪ, ನನ್ನನ್ನೇ ನೋಡುತ್ತ.

ಗೋರಖಪುರ, ಆಮೇಲೆ ಗಡಿ

ಗಾಡಿಯನ್ನು ಗೋರಖಪುರದ ತನಕ ರೈಲಿನಲ್ಲಿ ತಂದೆವು. ಈ ಸಂಗತಿ ಗುಂಪಿಗೆ ಇವತ್ತಿಗೂ ಗೊತ್ತಿಲ್ಲ. ನಾನು ಇಲ್ಲಿ ಬರೆದದ್ದನ್ನು ಅವರು ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಗೋರಖಪುರದ ಬಯಲಿನಲ್ಲಿ ಒಂದು ಸೋಜಿಗ ನಡೆಯಿತು. ಬಿಗಿಯಾಗಿ ಕಟ್ಟಿದ್ದ ಚೀಲಗಳು ಸಡಿಲವಾಗಿದ್ದವು. ಮಂಡಕ್ಕಿ ಪ್ಯಾಕೆಟ್ಟುಗಳು ಒಂದಿಷ್ಟು ಮೆತ್ತಗೆ ಸೊರಗಿದ ಹಾಗೆ ಕಂಡವು. ನನ್ನ ಗೇಣಿಗೆ ಎರಡು ಬೆರಳು ಕೂಡಿಕೊಂಡಿತಲ್ಲ ಎಂದು ನಾನು ಹಿಗ್ಗುವಷ್ಟರಲ್ಲಿ ನಮ್ಮವರ ಕಣ್ಣಿಗೂ ಅದು ಬಿತ್ತು. ಪೇಟೆಗೆ ಹೋಗಿ ದಪ್ಪನೆಯ ಕಂಬಳಿ ತಂದು ಆ ಸಂದಿಗೆ ತುರುಕಿದರು. "ಚಳಿ ಐತೆ ಅಲ್ಲಿ. ಬೇಕಾಗ್ತೈತೆ."

ಗಡಿಯಲ್ಲಿ ನೇಪಾಳದ ಸುಂಕದವನು ನಮ್ಮ ಗಾಡಿಯನ್ನು ಕಂಡು ಕುರ್ಚಿಯಿಂದ ಎದ್ದ. ಮನುಷ್ಯ ಒಳ್ಳೆಯವನು, ಆದರೆ ಮನೆ ಖಾಲಿ ಮಾಡಿಕೊಂಡು ಬಂದಿದ್ದೀರಾ ಎಂದು ಕೇಳಿದ. ಮೊದಲು ಅವನ ಕೈಗೆ ಸಿಕ್ಕಿದ್ದು ನಾದಿನಿಯ ವಿಭೂತಿ ಗಟ್ಟಿ. ಬಿಳಿ, ಪುಡಿಪುಡಿ, ಕಾಗದದಲ್ಲಿ ಸುತ್ತಿದ್ದು. ಅವನ ಮುಖ ಬಿಗಿಯಿತು. ನಮ್ಮವರು ಹಿಂದಿಯಲ್ಲಿ ವಿವರಿಸಲು ಹೋಗಿ "ಪೌಡರ್, ಪೌಡರ್" ಅಂದುಬಿಟ್ಟರು. ಇನ್ನೇನು ಇಬ್ಬರೂ ಒಳಗೆ ಅಂದುಕೊಂಡೆ. ನಸೀಮಾಳ ಮನೆಯಲ್ಲಿ ಕಲಿತ ನನ್ನ ಮುರುಕು ಉರ್ದು ಬಾಯಿಗೆ ಬಾರದೆ, ಗಟ್ಟಿಗೆ ಮೂರು ಬೆರಳು ಉಜ್ಜಿ ನಮ್ಮವರ ಹಣೆಗೆ ಅಡ್ಡ ಎಳೆದೆ. ಸುಂಕದವನ ಮುಖ ಅರಳಿತು. ಟೋಪಿ ತೆಗೆದು ತನ್ನ ಹಣೆಯನ್ನೂ ಮುಂದೆ ಮಾಡಿದ. ಆಮೇಲೆ ಒಳಗಿನಿಂದ ಉಳಿದವರೂ ಬಂದು ಸಾಲಾಗಿ ನಿಂತರು. ನಮ್ಮ ಮಠದ ಅಯ್ಯನವರಿಗೂ ಇಷ್ಟು ಹಣೆ ಒಂದೇ ಸಲಕ್ಕೆ ಸಿಕ್ಕಿರಲಿಕ್ಕಿಲ್ಲ.

ಆಮೇಲೆ ಮಂಡಕ್ಕಿ ಚೀಲ ತೆರೆದು ನೋಡಿ ಅವನು ನಕ್ಕ ನಗೆ ಈಗಲೂ ಕಿವಿಯಲ್ಲಿದೆ. ಕೈಹಿಡಿದು ನಮ್ಮನ್ನು ರಸ್ತೆಯ ಆಚೆ ಬದಿಗೆ ತಿರುಗಿಸಿದ. ಅಲ್ಲಿ ಅಂಗಡಿಯ ಮುಂದೆ ಆಳೆತ್ತರದ ಚೀಲಗಳು ನಿಂತಿದ್ದವು. ತುಂಬ ಮಂಡಕ್ಕಿ. ಅವರು ಅದನ್ನು ಭುಜಾ ಅನ್ನುತ್ತಾರೆ. ಪಕ್ಕದ ಅಂಗಡಿಯಲ್ಲೂ ಅದೇ. ಅದರ ಪಕ್ಕದಲ್ಲೂ ಅದೇ.

"ಇದು ಬ್ಯಾರೆ. ನಮ್ದು ದಾವಣಗೆರೆ ಮಂಡಕ್ಕಿ," ಎಂದು ನಮ್ಮವರು ನನಗೆ ಕನ್ನಡದಲ್ಲಿ ಹೇಳಿದರು, ಸುಂಕದವನಿಗೆ ಹೇಳುವ ಧೈರ್ಯ ಬಾರದೆ.

ಬೇನಿಯಿಂದ ಮೇಲಕ್ಕೆ

ಪಶುಪತಿ ದರ್ಶನ ವಾಪಸ್ಸು ಬರುವಾಗ ಎಂದು ಮೊದಲು ಬೆಟ್ಟದ ದಾರಿ ಹಿಡಿದೆವು. ನೇಪಾಳಿಗಳಿಗೆ ಒಂದು ಮಾತಿದೆ, ಬಿಸ್ತಾರೈ. ನಿಧಾನ ಎಂದರ್ಥ. ದಾರಿ ಕೇಳಿದರೆ ಮೊದಲು ಬಿಸ್ತಾರೈ ಅನ್ನುತ್ತಾರೆ, ಆಮೇಲೆ ದಾರಿ ಹೇಳುತ್ತಾರೆ. ನಮ್ಮಲ್ಲಿ ದಾರಿ ಕೇಳಿದರೆ "ಇಲ್ಲೇ ಐತಿ ಹೋಗ್ರಿ" ಅನ್ನುತ್ತೇವೆ. ಅದು ಇಲ್ಲೇ ಇರುವುದಿಲ್ಲ, ಆದರೂ ಕೇಳಿದವರಿಗೆ ಸಮಾಧಾನವಾಗಿ ಹೋಗುತ್ತಾರೆ. ಇವರದು ಪ್ರಾಮಾಣಿಕತೆ. ಬೇನಿ ಎಂಬ ಊರು ದಾಟಿದ ಮೇಲೆ ರಸ್ತೆ ಅನ್ನುವುದು ಕೆಸರು, ಕಲ್ಲು ಮತ್ತು ಬಲಕ್ಕೆ ಪ್ರಪಾತ. ನಿಧಾನ ಅನ್ನದೆ ಇನ್ನೇನು ಹೇಳಲು ಸಾಧ್ಯ!

ಇಲ್ಲಿಯ ಊಟದ ಮನೆಗಳಲ್ಲಿ ಯಜಮಾನಿಕೆ ಹೆಂಗಸರದು. ಗಲ್ಲೆಯ ಮೇಲೆ ಕೂರುವುದು ಅವರು, ಗಿರಾಕಿಯನ್ನು ಗದರುವುದು ಅವರು, ಈರುಳ್ಳಿ ಹೆಚ್ಚುವುದು ಗಂಡಂದಿರು. ನಾನು ನಮ್ಮವರಿಗೆ ತೋರಿಸಿದೆ. ಅವರು ಬೆಟ್ಟ ನೋಡುತ್ತಿರುವ ಹಾಗೆ ಮಾಡಿದರು. ಅನ್ನ, ಬೇಳೆ, ಪಲ್ಯ ಬಡಿಸಿದ ಮೇಲೆ ಮತ್ತೆ ಅನ್ನ ತರುತ್ತಾರೆ, ಬೇಡವೆಂದರೂ ತರುತ್ತಾರೆ. ಕೈ ಅಡ್ಡ ಹಿಡಿದರೆ ಕೈಯ ಮೇಲೇ ಸುರಿಯುತ್ತಾರೇನೋ ಎಂದು ಹೆದರಿ ತೆಗೆಯಬೇಕು. ಒತ್ತಾಯ ಮಾಡಿ ಬಡಿಸುವ ನಮ್ಮ ನಾದಿನಿ ಈ ಒಂದು ವಿಷಯದಲ್ಲಿ ಇಲ್ಲೇ ಹುಟ್ಟಬೇಕಿತ್ತು.

ಇನ್ನು ಬೆಟ್ಟ. ನಾನು ಹಿಮಾಲಯ ನೋಡಲು ಬಂದವಳು. ನನಗೆ ಕಂಡದ್ದೇನು? ನಮ್ಮವರ ಹೆಲ್ಮೆಟ್ಟಿನ ಹಿಂಭಾಗ. ಅದರ ಮೇಲೆ ಗುಂಪಿನವರು ಅಂಟಿಸಿದ್ದ ಹುಲಿಯ ಚಿತ್ರ. ಎಡಕ್ಕೆ ನೋಡೋಣವೆಂದರೆ ಕಂಬಳಿ, ಬಲಕ್ಕೆ ನೋಡೋಣವೆಂದರೆ ಮಂಡಕ್ಕಿ. "ಆಹಾ, ನೋಡು ಮಂಗಳಾ! ಅಬ್ಬಬ್ಬಾ!" ಎಂದು ಅವರು ಮುಂದಿನಿಂದ ಕೂಗುವರು. "ಕಾಣ್ತೈತ್ರೀ," ಎಂದು ನಾನು ಹುಲಿಯನ್ನು ನೋಡುತ್ತ ಹೇಳುವೆ.

ಕಾಗ್ಬೇನಿ

ಮೇಲೇರಿದಂತೆ ಸೀಟು ಚಿಕ್ಕದಾಗತೊಡಗಿತು. ಇದು ಉತ್ಪ್ರೇಕ್ಷೆಯಲ್ಲ. ಬೇನಿಯಲ್ಲಿ ಒಂದು ಗೇಣಿದ್ದ ಜಾಗ, ಕಾಗ್ಬೇನಿ ತಲುಪುವ ಹೊತ್ತಿಗೆ ಮುಕ್ಕಾಲು ಗೇಣು. ಎರಡೂ ಪಕ್ಕದ ಚೀಲಗಳು ನನ್ನ ಸೊಂಟವನ್ನು ಒತ್ತುತ್ತಿದ್ದವು. ಉಸಿರೆಳೆದರೆ ಬಿಡಲು ಜಾಗವಿಲ್ಲ.

"ರೀ, ಸೀಟು ಸಣ್ಣದಾಗೈತೆ."

"ಸೀಟು ಹೆಂಗೆ ಸಣ್ಣದಾಗ್ತೈತೆ? ನೀನು ದಪ್ಪ ಆಗಿದೀಯ. ಅನ್ನ ಹಾಕಿದಾಗೆಲ್ಲ ಉಂಡ್ರೆ ಇನ್ನೇನಾಗ್ತೈತೆ?"

ನಾನು ನಂಬಿದೆ! ಅದೇ ಅವಮಾನ. ಕಾಗ್ಬೇನಿಯಲ್ಲಿ ಮಧ್ಯಾಹ್ನವಾದರೆ ನದಿಯ ಕಣಿವೆಯಿಂದ ಗಾಳಿ ಏಳುತ್ತದೆ, ಮನುಷ್ಯರು ಗೋಡೆ ಹಿಡಿದುಕೊಂಡು ನಡೆಯುತ್ತಾರೆ. ಆ ಗಾಳಿಯಲ್ಲಿ ಕೂತು ನಾನು ಬರೀ ಚಹಾ ಕುಡಿದೆ, ಊಟ ಬಿಟ್ಟೆ. ಅಲ್ಲಿಂದ ಮುಂದೆ ಇನ್ನೂ ಹತ್ತುವುದಿತ್ತು. ಕೂರಲು ಹೋದರೆ ಆ ಮುಕ್ಕಾಲು ಗೇಣಿನಲ್ಲಿ ಮೈ ಹಿಡಿಸಲಿಲ್ಲ. ನಮ್ಮವರು ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿ, ಬಹಳ ಪ್ರೀತಿಯಿಂದ ಹೇಳಿದರು.

"ಒಂದು ಕೆಲ್ಸ ಮಾಡು. ನೀನು ಇಲ್ಲೇ ಇರು. ನಾನು ಮ್ಯಾಲೆ ಹೋಗಿ ಎರಡು ಫೋಟೊ ತಗೊಂಡು ಬಂದುಬಿಡ್ತೀನಿ. ನಿಂಗೆ ತೋರಿಸ್ತೀನಲ್ಲ."

ದಾವಣಗೆರೆಯಿಂದ ಇಲ್ಲಿಯ ತನಕ ಬಂದು, ಕಾಲು ಮಡಚಿಕೊಂಡು ಕೂತದ್ದು ಫೋಟೊ ನೋಡಲಿಕ್ಕೆ! ಕಣ್ಣಲ್ಲಿ ನೀರು ಬಂತು, ಗಾಳಿಯ ನೆಪದಲ್ಲಿ ಒರೆಸಿಕೊಂಡೆ. ಎರಡು ಚೀಲಗಳ ನಡುವೆ ಕಾಲು ತೂರಿಸಿ, ಅರ್ಧ ಸೀಟಿನ ಮೇಲೆ, ಅರ್ಧ ಕಂಬಳಿಯ ಮೇಲೆ ಕೂತೆ. "ನಡೀರಿ," ಅಂದೆ. ಆ ದನಿ ನಮ್ಮವರಿಗೆ ಗೊತ್ತು. ಗಾಡಿ ಬಿಟ್ಟರು.

ರಾಣಿಪೌವಾ

ಮುಸ್ತಾಂಗ್ ಸೀಮೆಯ ಮುಕ್ತಿನಾಥದ ಗುಡಿಯ ಕೆಳಗಿರುವ ಊರು ಇದು. ತಂಗುಮನೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿ ನಮ್ಮವರು ಇಳಿದರು, ಎರಡು ಹೆಜ್ಜೆ ಇಟ್ಟರು, ಕಂಬ ಹಿಡಿದುಕೊಂಡು ಕೂತುಬಿಟ್ಟರು. ಮುಖ ಬಿಳಿಚಿಕೊಂಡಿತ್ತು. ತಲೆ ಸಿಡಿಯುತ್ತಿದೆ ಅಂದರು. ಆಮೇಲೆ ವಾಂತಿ.

"ಏನಿಲ್ಲ, ಪಿತ್ತ," ಅಂದರು. ನಮ್ಮ ಕಡೆಯ ಗಂಡಸರು ಎವರೆಸ್ಟಿನ ತುದಿಯಲ್ಲಿ ಬಿದ್ದರೂ ಪಿತ್ತವೇ ಅನ್ನುತ್ತಾರೆ.

ತಂಗುಮನೆಯ ಯಜಮಾನಿ ಹೊರಗೆ ಬಂದಳು. ಎಲ್ಲರೂ ಅವಳನ್ನು ದಿದಿ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ನಮ್ಮವರ ಮುಖ ನೋಡಿದಳು, ಬೆರಳುಗಳನ್ನು ನೋಡಿದಳು. ಎತ್ತರದ ಬೇನೆ ಹತ್ತಿದೆ, ಈಗಲೇ ಕೆಳಗಿಳಿಸು, ನಾಳೆಯ ತನಕ ಇಡಬೇಡ ಎಂದು ಹಿಂದಿಯಲ್ಲಿ ಹೇಳಿದಳು. ಜೀಪು ಬರುವುದು ನಾಳೆ ಬೆಳಿಗ್ಗೆ. ಅಷ್ಟು ಹೊತ್ತು ಇದ್ದ ಸಿಟ್ಟು ಎಲ್ಲಿ ಹೋಯಿತೋ!

"ಔಷಧ ಎಲ್ಲಿಟ್ಟೀರಿ? ಆಕ್ಸಿಜನ್ನು ಎಲ್ಲೈತ್ರೀ?"

"ಬಲಗಡೆ ಚೀಲದಾಗ... ತಳದಾಗ."

ಎಲ್ಲಕ್ಕಿಂತ ಬೇಕಾದದ್ದು ಎಲ್ಲಕ್ಕಿಂತ ತಳದಲ್ಲಿ. ನಾನು ಚೀಲದ ಜಿಪ್ಪಿಗೆ ಕೈ ಹಾಕಿದೆ. ಎಳೆಯುವ ಕೆಲಸವೇ ಬೀಳಲಿಲ್ಲ. ಮುಟ್ಟಿದ್ದೇ ತಡ, ಜಿಪ್ಪು ಹರಿದು, ಚೀಲ ಬಾಯಿ ಬಿಟ್ಟು, ಒಳಗಿನಿಂದ ಪ್ಯಾಕೆಟ್ಟುಗಳು ಚಿಮ್ಮಿ ಬಂದವು. ಒಂದೊಂದೂ ಉಬ್ಬಿ ತಲೆದಿಂಬಿನಷ್ಟಾಗಿತ್ತು. ಎರಡು ಪಟಾರನೆ ಒಡೆದವು. ಮಂಡಕ್ಕಿ ಅಂಗಳದ ತುಂಬ ಹಾರಿ, ಗಾಳಿಗೆ ಸಿಕ್ಕಿ, ದಿದಿಯ ತಲೆಗೂದಲಲ್ಲಿ, ಅಲ್ಲಿ ಕಟ್ಟಿದ್ದ ಹೇಸರಗತ್ತೆಗಳ ಬೆನ್ನ ಮೇಲೆ, ನಮ್ಮವರ ಮಡಿಲಲ್ಲಿ ಬಿತ್ತು.

ಒಂದು ಪ್ಯಾಕೆಟ್ಟನ್ನು ಎತ್ತಿ ಹಿಡಿದು ನೋಡಿದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಇದನ್ನು ವರ್ಷ ವರ್ಷ ಕ್ಲಾಸಿನಲ್ಲಿ ಹೇಳಿ, ಪರೀಕ್ಷೆಯಲ್ಲಿ ಕೇಳಿ, ಬರೆಯದವರ ಮಾರ್ಕ್ಸ್ ಕಡಿದವಳು ನಾನು! ನಸೀಮಾ ದಾವಣಗೆರೆಯ ಗಾಳಿಯನ್ನು ಭದ್ರವಾಗಿ ಸೀಲ್ ಮಾಡಿ ಕಳಿಸಿದ್ದಳು. ತಗ್ಗಿನ ಗೋರಖಪುರದಲ್ಲಿ ಕುಗ್ಗಿದ್ದ ಅದು, ಹೊರಗಿನ ಗಾಳಿ ತೆಳುವಾದಂತೆ ಉಬ್ಬುತ್ತ ಬಂದಿತ್ತು. ನಾನು ದಪ್ಪಗಾಗಿರಲಿಲ್ಲ. ಮಂಡಕ್ಕಿ ದಪ್ಪಗಾಗಿತ್ತು. ಸುಮ್ಮನೆ ಒಂದು ಊಟ ಬಿಟ್ಟೆನಲ್ಲ ಎಂದು ಹೊಟ್ಟೆ ಉರಿಯಿತು.

ಆಕ್ಸಿಜನ್ ಡಬ್ಬಿ ಕುಕ್ಕರಿನೊಳಗೆ ಸಿಕ್ಕಿತು. ನಾಲ್ಕು ಉಸಿರಿಗೆ ಮುಗಿಯಿತು. ಇನ್ನು ಯೋಚಿಸುವುದಕ್ಕೆ ಏನೂ ಉಳಿದಿರಲಿಲ್ಲ.

"ಬೀಗದಕೈ ಕೊಡ್ರಿ," ಅಂದೆ.

"ನೀನಾ? ಸಾಮಾನು ಸಮೇತ ಈ ಗಾಡಿ ನಿನ್ನ ಕೈಯಾಗ..."

"ಸಾಮಾನು ಸಮೇತ ಯಾರು ಅಂದ್ರು?"

ಹಗ್ಗ ಬಿಚ್ಚಿದೆ. ಡೇರೆ ಇಳಿಯಿತು, ಟ್ಯೂಬು ಇಳಿಯಿತು, ಸಲಿಕೆ, ಇಸ್ತ್ರಿ ಪೆಟ್ಟಿಗೆ, ರೊಟ್ಟಿ ಎಂಬ ಹೆಸರಿನ ಪುಡಿ. ಗಾಡಿ ಬರಿದಾಗುತ್ತ ಬಂದಂತೆ, ನಾನು ಹೊಳೆದಂಡೆಯಲ್ಲಿ ಕಲಿತ ಗಾಡಿಯ ಹಾಗೇ ಕಾಣಿಸಿತು. ಕಂಬಳಿಯನ್ನು ನಮ್ಮವರಿಗೆ ಹೊದಿಸಿದೆ. ಹೊಚ್ಚ ಹೊಸ ಸೀಟು ಮೊದಲ ಸಲ ಪೂರ್ತಿ ಕಂಡಿತು, ಮೂರು ಗೇಣಿತ್ತು. ದಿದಿಯೂ ನಾನೂ ಸೇರಿ ನಮ್ಮವರನ್ನು ಎತ್ತಿ ಹಿಂದೆ ಕೂರಿಸಿದೆವು. ಅವರು ತೂಗಾಡುವುದನ್ನು ಕಂಡು, ದಿದಿ ಆ ಹಗ್ಗವನ್ನೇ ಎತ್ತಿಕೊಂಡು, ಹೇಸರಗತ್ತೆಗೆ ಹೊರೆ ಬಿಗಿಯುವ ಹಾಗೆ ಅವರನ್ನು ನನ್ನ ಸೊಂಟಕ್ಕೆ ಸೇರಿಸಿ ಗಟ್ಟಿಯಾಗಿ ಬಿಗಿದಳು. ಹಗ್ಗ ಮಾತ್ರ ನಿಜಕ್ಕೂ ಬೇಕಾಯಿತು, ಅದನ್ನು ಒಪ್ಪಿಕೊಳ್ಳಬೇಕು.

ದಿದಿ ಅಂಗಳದ ಗುಡ್ಡೆಯನ್ನು ನೋಡಿ, ಇದರಲ್ಲಿ ಏನು ಒಯ್ಯುತ್ತೀ ಎಂದು ಕೇಳಿದಳು. ಬೆನ್ನ ಹಿಂದಿನಿಂದ ಸಣ್ಣಗೆ ದನಿ ಬಂತು.

"ಕುಕ್ಕರ್ರು..."

"ಸುಮ್ನಿರ್ರಿ." ನಾನು ಹೆಬ್ಬೆರಳನ್ನು ಹಿಂದಕ್ಕೆ ತೋರಿಸಿ ದಿದಿಗೆ ಹೇಳಿದೆ, ಅವಳಿಗೆ ತಿಳಿಯಲಿ ಬಿಡಲಿ, ಕನ್ನಡದಲ್ಲೇ. "ಇದೊಂದು ಸಾಕು. ಬೇಕಾಗ್ತೈತೆ."

ಇಳಿಜಾರು

ಮೊದಲ ತಿರುವಿನಲ್ಲಿ ಬ್ರೇಕಿನಿಂದ ಕಾಲು ತೆಗೆದೆ. ಸಣ್ಣ ಗೇರಿಗೆ ಇಳಿಸಿದೆ. ಗಾಡಿ ಗುರುಗುಟ್ಟಿ ತಗ್ಗಿತು, ಮಾತು ಕೇಳಿತು. ಎರಡನೆಯ ತಿರುವಿನಲ್ಲಿ ನನ್ನ ಪಕ್ಕದಲ್ಲಿ ಅಪ್ಪ ಓಡುತ್ತಿದ್ದಾರೆ ಅನ್ನಿಸಿತು. ಮೂರನೆಯ ತಿರುವು ಕಳೆಯುತ್ತಲೇ ರಸ್ತೆ ನೇರವಾಯಿತು. ತಲೆಯೆತ್ತಿದೆ.

ಎದುರಿಗೆ ಧವಳಗಿರಿ ಇತ್ತು.

ಮುಂದೆ ಹೆಲ್ಮೆಟ್ಟಿಲ್ಲ, ಹುಲಿಯಿಲ್ಲ, ಮಂಡಕ್ಕಿಯಿಲ್ಲ. ನನ್ನ ಕಣ್ಣು ಮತ್ತು ಆ ಬೆಟ್ಟದ ನಡುವೆ ಏನೂ ಇರಲಿಲ್ಲ. ಕೆಳಗೆ ಹಸಿರೇ ಇರಲಿಲ್ಲ, ಇಷ್ಟು ವರ್ಷ ಹುಡುಗರಿಗೆ ತಪ್ಪು ಹೇಳಿಕೊಟ್ಟಿದ್ದೆ. ಮಣ್ಣೆಲ್ಲ ಕೆಂಪು ಕಂದು, ನನ್ನ ಕೆಂಪು ಸೀಮೆಸುಣ್ಣ ಅಷ್ಟೇನೂ ಸುಳ್ಳಾಗಿರಲಿಲ್ಲ. ಮೇಲಿನ ಬಿಳುಪನ್ನು ಮಾತ್ರ ನಮ್ಮ ಶಾಲೆಯ ಯಾವ ಸೀಮೆಸುಣ್ಣದಲ್ಲೂ ಬರೆಯಲಾಗುವುದಿಲ್ಲ. ಅಳು ಬಂತು. ಜೋರಾಗಿಯೇ ಅತ್ತುಬಿಟ್ಟೆ, ಅಳುತ್ತಲೇ ಗೇರು ಬದಲಿಸಿದೆ. ಸಂತೋಷಕ್ಕೋ, ಹಿಂದೆ ಕಟ್ಟಿಕೊಂಡ ಮನುಷ್ಯನ ಮೇಲಿನ ದಿಗಿಲಿಗೋ, ಎರಡಕ್ಕೂ ಇರಬೇಕು.

ಇಳಿಯುತ್ತ ಇಳಿಯುತ್ತ ನಮ್ಮವರ ಉಸಿರು ಸಲೀಸಾಯಿತು. ಝಾರಕೋಟ್ ಎಂಬ ಹಳ್ಳಿ ದಾಟಿ, ಕಾಗ್ಬೇನಿಯ ಮನೆಗಳು ಕೆಳಗೆ ಕಾಣತೊಡಗಿದಾಗ ಬೆನ್ನಿನ ಮೇಲೆ ಒರಗಿದ್ದ ತಲೆ ಮೇಲೆದ್ದಿತು. ನನಗೆ ಜೀವ ಬಂದಂತಾಯಿತು.

"ಆಹಾ, ನೋಡ್ರೀ! ಅಬ್ಬಬ್ಬಾ!" ಎಂದು ಕೂಗಿದೆ. "ಕಾಣ್ತೈತೇನ್ರೀ?"

ಹಗ್ಗದೊಳಗೆ ಸ್ವಲ್ಪ ಹೊತ್ತು ಮಿಸುಕಾಟ ನಡೆಯಿತು. ಎಡಕ್ಕೆ ಬಗ್ಗಿ ನೋಡಿದರು, ಬಲಕ್ಕೆ ಬಗ್ಗಿ ನೋಡಿದರು.

"ಏನ್ ಕಾಣ್ತೈತೆ ಮಂಗಳಾ," ಅಂದರು. "ನಿನ್ನ ಹೆಲ್ಮೆಟ್ಟು."